ಕಾರಿನ ನೆತ್ತಿಯ ಮೇಲೊಂದು ಸೈಕಲ್

ಭಾಮೈದ ಮೂರನೆಯ ಸಲ ಸ್ಟೂಲು ಹತ್ತಿದಾಗ ಭಾವನಿಗೆ ನಗು ತಡೆಯಲಾಗಲಿಲ್ಲ. ಸೈಕಲ್ ಅಂಗಡಿಯ ಮುಂದೆ, ಹೋಗಿ ಬರುವವರೆಲ್ಲ ನೋಡುತ್ತಿರುವಾಗ, ಆ ಮನುಷ್ಯ ತನ್ನ ಕಾರಿನ ಪಕ್ಕದಲ್ಲಿ ಒಂದು ನೀಲಿ ಲಾಡಿ ಇಳಿಬಿಟ್ಟು ಅಳತೆ ಮಾಡುತ್ತಿದ್ದ. ಪೈಜಾಮಕ್ಕೆ ಹಾಕುವ ಲಾಡಿ! ಒಂದು ತುದಿ ನೆಲಕ್ಕೆ ತಾಗಿತ್ತು. ಮೇಲಿನ ತುದಿಯಲ್ಲಿ ಒಂದು ಗಂಟು.

"ನಿಮ್ಮ ಲೈಬ್ರರೀಲಿ ಟೇಪು ಇಲ್ವೇನೋ?"

"ಇದ್ರಲ್ಲೇ ಆಗುತ್ತೆ ಭಾವ."

ಭಾವನದು ಟೈಲ್ಸ್ ಅಂಗಡಿ. ಅಡಿ, ಇಂಚುಗಳ ವಿಷಯದಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ನಂಬಿದವನು. ಹೆಂಡತಿಯ ತಮ್ಮನೋ, ಲೈಬ್ರರಿಯಲ್ಲಿ ಪುಸ್ತಕಗಳಿಗೆ ಮುದ್ರೆ ಒತ್ತುವವನು. ಹುಟ್ಟಿದಾಗಿನಿಂದ ಯಾರಿಗೂ 'ಇಲ್ಲ' ಎಂದವನಲ್ಲ. ಇಂಥವನು ಕಾರಿನ ಮೇಲೆ ಸೈಕಲ್ ಹೊರುವ ಕ್ಯಾರಿಯರ್ ಕೊಳ್ಳುತ್ತೇನೆ ಎಂದಾಗ, ಬುದ್ಧಿ ಹೇಳಲು ಭಾವ ತಾನಾಗಿಯೇ ಜೊತೆಗೆ ಬಂದಿದ್ದ.

ಅಂಗಡಿಯವನು ಎರಡು ಬಗೆ ತೋರಿಸಿದ. ಒಂದರಲ್ಲಿ ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ ಸಿಕ್ಕಿಸಬೇಕು. ಸೈಕಲ್ ತಗ್ಗಾಗಿ, ಅಲುಗದೆ ಕೂರುತ್ತದೆ. ಇನ್ನೊಂದರಲ್ಲಿ ಎರಡೂ ಚಕ್ರಗಳ ಸಮೇತ ನೆಟ್ಟಗೆ ನಿಲ್ಲುತ್ತದೆ. ಕಬ್ಬಿಣದ ತೋಳೊಂದು ಅದನ್ನು ಹಿಡಿದುಕೊಳ್ಳುತ್ತದೆ, ತೋಳಿಗೊಂದು ಬೀಗ.

"ಮೊದಲನೇದು ತಗೋ. ಗಾಳಿ ಹೊಡೆಯಲ್ಲ, ಪೆಟ್ರೋಲ್ ಉಳಿಯುತ್ತೆ. ಮೂರು ವರ್ಷದ ಮಗೂಗೂ ಅರ್ಥ ಆಗುತ್ತೆ," ಎಂದ ಭಾವ.

ಮೊದಲನೆಯದರ ಮೇಲೆ ಸೈಕಲ್ ಏರಿಸಿ ಭಾಮೈದ ಲಾಡಿ ಹಿಡಿದ. ಗಂಟು ಸೈಕಲ್ಲಿಗಿಂತ ನಾಲ್ಕು ಬೆರಳು ಮೇಲೆ ನಿಂತಿತು. ತಲೆಯಾಡಿಸಿದ. ಎರಡನೆಯದರ ಮೇಲೆ ಏರಿಸಿ, ಸೀಟನ್ನು ತುದಿಯವರೆಗೆ ಎತ್ತಿಸಿ, ಮತ್ತೆ ಹಿಡಿದ. ಸೈಕಲ್ ಗಂಟನ್ನು ಒಂದು ಗೇಣು ಮೀರಿತು.

"ಇದೇ ಇರ್ಲಿ," ಎಂದ.

ಸೈಕಲ್ಲನ್ನೂ ಅವನು ಅಂದೇ ಕೊಂಡಿದ್ದ. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಎತ್ತರದ್ದು. ಇವನು ಕುಳಿತರೆ ಕಾಲು ಪೆಡಲಿಗೆ ಎಟುಕುವಂತಿರಲಿಲ್ಲ. "ಒಂದು ರೌಂಡ್ ಓಡಿಸಿ ನೋಡಿ ಸಾರ್," ಎಂದು ಅಂಗಡಿಯವನು ಹೇಳಿದರೆ, "ಬೇಡ, ಚೆನ್ನಾಗಿದೆ," ಎಂದುಬಿಟ್ಟ. ಇಂಥ ಗಿರಾಕಿಯನ್ನು ಅಂಗಡಿಯವನು ಕಂಡಿರಲಾರ.

ಮನೆಗೆ ಬಂದ ಭಾವ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ. "ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ನಿನ್ನ ತಮ್ಮ ಒಂದು ತಿಂಗಳೊಳಗೆ ತಲೆ ಮೇಲೆ ಸೈಕಲ್ ಇರೋದು ಮರೆತು ಎಲ್ಲಾದ್ರೂ ಗುದ್ದಿಲ್ಲ ಅಂದ್ರೆ ನನ್ನ ಹೆಸರು ಬದಲಾಯಿಸು."

ಹೆಂಡತಿ ಹೊಲಿಗೆ ಮೆಷಿನ್ನಿನ ಮುಂದೆ ಕುಳಿತಿದ್ದಳು. ಬಾಯಲ್ಲಿ ಗುಂಡುಸೂಜಿಗಳಿದ್ದವು. ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚಿದಳು. ಅಕ್ಕ ತಮ್ಮ ಇಬ್ಬರಿಗೂ ಬಾಯಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತಿನ ಮೇಲೆಯೇ ಭಾವನ ಸಂಸಾರ ನಡೆದಿತ್ತು.

ಆ ಕಾರಿನ ಮೇಲೆ ಅವನಿಗಿದ್ದ ಹಕ್ಕೂ ಹಾಗೆ ಬಂದದ್ದೇ. ಪ್ರತಿ ಭಾನುವಾರ ಬೆಳಿಗ್ಗೆ ಹೋಗಿ ಕೈ ಚಾಚುತ್ತಿದ್ದ. ಭಾಮೈದ ಕೀ ಕೊಡುತ್ತಿದ್ದ. ಟೈಲ್ಸಿನ ಗೋದಾಮು ನೆಲಮಾಳಿಗೆಯಲ್ಲಿತ್ತು. ಇಳಿಜಾರಿನ ಬಾಯಲ್ಲಿ ಒಂದು ಅಡ್ಡತೊಲೆ ಇದ್ದುದರಿಂದ ಬಾಡಿಗೆ ಟೆಂಪೊ ಒಳಗೆ ಇಳಿಯುತ್ತಿರಲಿಲ್ಲ. ಕೆಲಸದವರಿಗೆ ಭಾನುವಾರ ರಜೆ. ಹೆಂಡತಿಗೆ ರಜೆ ಎಂಬುದಿಲ್ಲವಲ್ಲ! ಅವಳು ಪೆಟ್ಟಿಗೆಗಳನ್ನು ಎತ್ತಿ ಕಾರಿಗೆ ತುಂಬುತ್ತಿದ್ದಳು, ಇವನು ಲೆಕ್ಕ ಹಿಡಿಯುತ್ತಿದ್ದ. ಅವಳ ಸೊಂಟದ ಮೂಳೆ ಜರುಗಿದೆ, ಭಾರ ಎತ್ತಿದರೆ ಮುಂದೆ ನಡೆಯುವುದೇ ಕಷ್ಟ ಎಂದು ಡಾಕ್ಟರು ಬರೆದುಕೊಟ್ಟಿದ್ದರು. "ಡಾಕ್ಟರಿಗೇನು, ಬಾಯಿಗೆ ಬಂದದ್ದು ಹೇಳ್ತಾರೆ," ಎಂದು ಭಾವ ಆ ಚೀಟಿಯನ್ನು ಮಡಚಿ ಕಿಟಕಿಯ ಸಂದಿಗೆ ಸಿಕ್ಕಿಸಿದ್ದ, ಗಾಳಿಗೆ ಕಿಟಕಿ ಬಡಿಯದಿರಲೆಂದು.

ಭಾನುವಾರ ಬಂತು. ಕಾರಿನ ನೆತ್ತಿಯ ಮೇಲೆ ಸೈಕಲ್ ನಿಂತಿತ್ತು.

"ಇಳಿಸೋ ಅದನ್ನ."

"ಬೀಗದ ಕೈ ಸಿಗ್ತಿಲ್ಲ ಭಾವ. ಹಾಗೇ ತಗೊಂಡು ಹೋಗಿ, ಪರವಾಗಿಲ್ಲ."

ಬೀಗದ ಕೈ ಕಳೆಯಲು ಅವನಿಗೆ ನಾಲ್ಕು ದಿನ ಸಾಕಾಗಿತ್ತು. ದಾರಿಯುದ್ದಕ್ಕೂ ಭಾವ ಅದನ್ನೇ ಹೇಳಿ ಹೇಳಿ ನಕ್ಕ. ಪಕ್ಕದಲ್ಲಿ ಹೆಂಡತಿ ಸೊಂಟಕ್ಕೊಂದು ದಿಂಬು ಒತ್ತಿಕೊಂಡು ಕೂತಿದ್ದಳು. ನಕ್ಕು ದಣಿದ ಮೇಲೆ ಅವನು ಟೈಲ್ಸಿನ ಬಣ್ಣಗಳ ಬಗ್ಗೆ ಮಾತಾಡಿದ. ಆಮೇಲೆ ನೆರೆಮನೆಯವನ ದಡ್ಡತನದ ಬಗ್ಗೆ. ಅದೇ ಉತ್ಸಾಹದಲ್ಲಿ ಇಳಿಜಾರಿಗೆ ಕಾರು ತಿರುಗಿಸಿದ.

"ನಿಲ್ಸಿ," ಎಂದಳು ಹೆಂಡತಿ.

ಬ್ರೇಕು ಕಿರುಚಿತು. ಇಳಿದು ನೋಡಿದರೆ, ಸೈಕಲ್ಲಿನ ಸೀಟು ತೊಲೆಯ ಮುಂದೆ, ಅದಕ್ಕಿಂತ ಸರಿಯಾಗಿ ಒಂದು ಗೇಣು ಎತ್ತರದಲ್ಲಿ ನಿಂತಿತ್ತು. ಭಾವನ ಕಿವಿ ಕೆಂಪಾಯಿತು. ತೋಳನ್ನು ಹಿಡಿದು ಜಗ್ಗಿದ. ಬೀಗ ಜಗ್ಗಲಿಲ್ಲ. ಫೋನು ತೆಗೆದ.

"ಈಗಿಂದೀಗ್ಲೇ ಬಂದು ಇದನ್ನ ಕೀಳು! ಕಿತ್ತು, ಅದನ್ನೇ ತುಳ್ಕೊಂಡು ಮನೆಗೆ ಹೋಗು!"

"ನನಗೆ ಸೈಕಲ್ ಬಿಡೋಕೇ ಬರಲ್ಲ ಭಾವ," ಎಂದಿತು ಆ ಕಡೆಯ ಮೆತ್ತನೆಯ ದನಿ.

ಭಾವ ಫೋನನ್ನು ಜೇಬಿಗೆ ತುರುಕಿದ. ನಂತರ ಹೆಂಡತಿಯ ಕಡೆ ತಿರುಗಿದ. "ಕೇಳಿದ್ಯಾ? ಸೈಕಲ್ ಬರಲ್ವಂತೆ! ಲಾಡೀಲಿ ಅಳೀತಾನಂತೆ! ನಿನ್ನ ತಮ್ಮನಂಥ ಮುಠ್ಠಾಳ ಈ ಭೂಮಿ ಮೇಲೆ ಇನ್ನೊಬ್ಬ ಇಲ್ಲ. ಒಂದು ಅಳತೆ ಸರಿಯಾಗಿ ತಗೊಳ್ಳೋಕೆ ಬರಲ್ಲ ಅವನಿಗೆ."

ಹೆಂಡತಿ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಕಾರಿನಿಂದ ನಿಧಾನವಾಗಿ ಇಳಿದಳು. ಮನೆಯ ದಾರಿಯ ಕಡೆ ಎರಡು ಹೆಜ್ಜೆ ಹಾಕಿ, ನಿಂತಳು.

"ಅಳತೆ ಸರಿಯಾಗೇ ಇದೆ ರೀ. ಆ ತೊಲೆಗೆ ಲಾಡಿ ಹಿಡಿದು ಗಂಟು ಹಾಕಿದೋಳು ನಾನು."