ಹಿಂದೆ ನಿಂತವರು

ಫುಟ್‌ಬಾಲ್ ಆಟ ಶುರುವಾಗಿ ಸ್ವಲ್ಪ ಹೊತ್ತಿಗೆಲ್ಲ ಭದ್ರಾವತಿಯ ಜನ ತಮ್ಮ ತಂಡವನ್ನೇ ಬೈಯತೊಡಗಿದರು. ಎದುರಿಗಿದ್ದದ್ದು ವಿದೇಶಕ್ಕೆ ಹೊರಟು ನಿಂತಿದ್ದ ಭಾರತ ತಂಡ. ತಮ್ಮೂರ ಕಾರ್ಖಾನೆಯ ಹುಡುಗರು ಸೋತರೂ ಚಿಂತೆಯಿಲ್ಲ, ಮೇಲೆ ಬಿದ್ದು ಆಡಲಿ ಅಂತ ಜನ ಬಂದಿದ್ದರು. ಇವರು ನೋಡಿದರೆ ಗೋಲಿನ ಮುಂದೆ ಗೋಡೆ ಕಟ್ಟಿದ ಹಾಗೆ ನಿಂತುಬಿಟ್ಟಿದ್ದಾರೆ. ಐವರು ಫಾರ್ವರ್ಡುಗಳಲ್ಲಿ ನಾಲ್ವರು ಹಿಂದೆ ಬಂದು ಬ್ಯಾಕುಗಳ ಜೊತೆ ಸೇರಿಕೊಂಡಿದ್ದರು. ಮುಂದೆ ಉಳಿದವನು ಮುನಿಸ್ವಾಮಿ ಒಬ್ಬನೇ. ಅವನು ನಡುಗೆರೆಯ ಹತ್ತಿರ ಬಸ್ಸಿಗೆ ಕಾಯುವವನ ಹಾಗೆ ನಿಂತಿದ್ದ.

"ಕ್ಯಾಪ್ಟನ್‌ಗೆ ಬಳೆ ತೊಡಿಸ್ರೋ," ಅಂತ ಯಾರೋ ಕೂಗಿದರು. ಸುತ್ತಲಿದ್ದವರು ಗೊಳ್ಳೆಂದು ನಕ್ಕರು.

ಕ್ಯಾಪ್ಟನ್ ಏಕಾಂತಪ್ಪನಿಗೆ ಅದು ಕೇಳಿಸಿತು. ಮುಂದಿನ ಸಾಲಿನ ಕುರ್ಚಿಯಲ್ಲಿದ್ದ ಅವನ ಅಪ್ಪನಿಗೂ ಕೇಳಿಸಿತು. ಷಣ್ಮುಖಪ್ಪನವರು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಜವಳಿ ಅಂಗಡಿ ಇಟ್ಟವರು. ಚೆಂಡು ಒದೆಯುವುದು ಮೈಗಳ್ಳರ ಕಸುಬು ಅಂತ ಮಗನಿಗೆ ಹೇಳಿ ಹೇಳಿ ಸಾಕಾಗಿ, ಅದೇನು ಆಡುತ್ತಾನೋ ನೋಡಿಯೇ ಬಿಡೋಣ ಅಂತ ಮೊದಲ ಸಲ ರೈಲು ಹತ್ತಿ ಬಂದಿದ್ದರು.

ಜನಕ್ಕೆ ಗೊತ್ತಿಲ್ಲದ್ದು ಒಂದಿತ್ತು. ಆಟಕ್ಕೆ ಮೊದಲೇ ಭಾರತ ತಂಡದ ತರಬೇತುದಾರರೇ ಬಂದು ಏಕಾಂತಪ್ಪನನ್ನು ಪಕ್ಕಕ್ಕೆ ಕರೆದು ಕೇಳಿಕೊಂಡಿದ್ದರು. ವಿದೇಶದಲ್ಲಿ ಎದುರಾಗುವ ತಂಡಗಳು ಹೀಗೇ ಹಿಂದೆ ಕಾದು ಕೂತು, ಸಮಯ ನೋಡಿ ಎರಗುತ್ತವಂತೆ. ತಮ್ಮ ಹುಡುಗರಿಗೆ ಅದನ್ನು ಒಡೆಯುವ ಅಭ್ಯಾಸವಿಲ್ಲ, ನೀವು ಹಾಗೆ ಆಡಿ, ಸಮಯ ಸಿಕ್ಕಾಗ ಮಾತ್ರ ಮುಲಾಜು ನೋಡಬೇಡಿ ಅಂದಿದ್ದರು. ಏಕಾಂತಪ್ಪ ಒಪ್ಪಿ ಮಾತು ಕೊಟ್ಟಿದ್ದ.

ಅರ್ಧ ಆಟ ಮುಗಿದಾಗ ಎರಡೂ ಕಡೆ ಗೋಲಿರಲಿಲ್ಲ. ಮುನಿಸ್ವಾಮಿ ಮುಖ ಊದಿಸಿಕೊಂಡು ಬಂದ. "ಸಾಕು ಏಕಾಂತಣ್ಣ. ಊರಲ್ಲಿ ತಲೆ ಎತ್ಕೊಂಡು ಓಡಾಡೋದು ಬೇಡ್ವಾ? ಎಲ್ರೂ ಮುಂದೆ ಹೋಗೋಣ."

ಏಕಾಂತಪ್ಪ ಅಪ್ಪನ ಕಡೆ ನೋಡಿದ. ಅವರು ತಲೆ ತಗ್ಗಿಸಿ ಕೂತಿದ್ದರು. ಮುಂದೆ ನುಗ್ಗಿ ಒಂದು ಸಲವಾದರೂ ಗೋಲಿಗೆ ಒದೆಯಬೇಕು ಅಂತ ಕಾಲು ತುಡಿಯಿತು. ಆದರೂ ಮೆಲ್ಲಗೆ ಹೇಳಿದ: "ಇಂಡಿಯಾದವರಿಗೆ ಸಿಟ್ಟು ಬರ್ತಾ ಇದೆ ಮಾರಾಯ. ಇನ್ನೂ ಸ್ವಲ್ಪ ಬರ್ಲಿ. ಸಿಟ್ಟಲ್ಲಿ ಅವರ ಬ್ಯಾಕುಗಳೂ ಜಾಗ ಬಿಟ್ಟು ಮೇಲೆ ಬರ್ತಾರೆ. ಆಗ ನೀನು ಹಿಂದೆ ನೋಡ್ಬೇಡ, ಓಡು. ಚೆಂಡು ನಾನು ಕೊಡ್ತೀನಿ."

ಅವನೆಂದಂತೆಯೇ ಆಯಿತು. ಗೋಲು ಸಿಗದೆ ರೇಗಿದ ಭಾರತ ತಂಡ ಅಲೆ ಅಲೆಯಾಗಿ ನುಗ್ಗಿತು. ಕಡೆಗೊಮ್ಮೆ ಅವರ ಗೋಲ್‌ಕೀಪರ್ ಬಿಟ್ಟು ಎಲ್ಲರೂ ಕಾರ್ಖಾನೆಯವರ ಅಂಗಳದಲ್ಲೇ ಇದ್ದರು. ಜೋರಾಗಿ ಬಂದ ಚೆಂಡನ್ನು ಏಕಾಂತಪ್ಪ ಎದೆಗೊಟ್ಟು ತಡೆದ. ತಲೆಯೆತ್ತಿ ನೋಡಿ ಎತ್ತರಕ್ಕೆ, ಉದ್ದಕ್ಕೆ ಒದ್ದ. ಚೆಂಡು ಎಲ್ಲರ ತಲೆ ದಾಟಿ ಬಯಲಲ್ಲಿ ಬಿತ್ತು. ಮುನಿಸ್ವಾಮಿ ಆಗಲೇ ಓಡುತ್ತಿದ್ದ. ಗೋಲ್‌ಕೀಪರ್ ಎದುರು ಬಂದ, ಇವನು ಚೆಂಡನ್ನು ಅವನ ಪಕ್ಕದಿಂದ ಮೆತ್ತಗೆ ತಳ್ಳಿದ. ಬಲೆ ಅಲ್ಲಾಡಿತು.

ಮೈದಾನದಲ್ಲಿ ಎದ್ದ ಕೂಗಿಗೆ ಕಾರ್ಖಾನೆಯ ಸೈರನ್ನೂ ಸಾಟಿಯಲ್ಲ. ಬೈದ ಬಾಯಿಗಳೇ ಈಗ, "ಹಿಂದೆ ಬನ್ರೋ, ಎಲ್ರೂ ಹಿಂದೆ ಬನ್ರೋ," ಅಂತ ಬುದ್ಧಿ ಹೇಳತೊಡಗಿದವು. ಏಕಾಂತಪ್ಪನ ಗೋಡೆ ರೆಫರಿಯ ಕೊನೆಯ ಸೀಟಿಯವರೆಗೂ ಬಿರುಕು ಬಿಡಲಿಲ್ಲ.

ಆಟ ಮುಗಿದ ಮೇಲೆ ತರಬೇತುದಾರರು ಬಂದು ಏಕಾಂತಪ್ಪನ ಕೈ ಹಿಡಿದುಕೊಂಡರು. ತಮ್ಮವರು ಇನ್ನೂ ಪಾಠ ಕಲಿತಿಲ್ಲ, ನಾಳೆ ಬೆಳಿಗ್ಗೆ ಇನ್ನೊಮ್ಮೆ ಹೀಗೇ ಆಡಬಹುದೇ ಅಂತ ಹಿಂದಿಯಲ್ಲಿ ಕೇಳಿದರು. ಏಕಾಂತಪ್ಪ ಬಾಯಿ ತೆರೆಯುವ ಮೊದಲೇ ಷಣ್ಮುಖಪ್ಪನವರು ನಡುವೆ ಬಂದರು. ಮಗನ ಕೆಸರು ಹೆಗಲ ಮೇಲೆ ಕೈಯಿಟ್ಟು, ಗಾಂಧಿ ಬಜಾರಿನ ಉರ್ದುವಿನಲ್ಲಿ ಗಂಭೀರವಾಗಿ ಹೇಳಿದರು:

"ಬೆಳಿಗ್ಗೆ ಆಗೋದಿಲ್ಲ ಸಾಹೇಬರೇ. ನಮ್ಮ ಹುಡುಗರಿಗೆ ಶಿಫ್ಟ್ ಇದೆ. ಇಂಡಿಯಾದವರು ಮಧ್ಯಾಹ್ನದ ತನಕ ಕಾಯ್ಲಿ."