ತೋಳಿನ ಕಿಟಕಿ

“ಸತ್ರೂ ಸರಿ, ಅಷ್ಟು ಜನರ ಮುಂದೆ ತೋಳು ತೋರಿಸಲ್ಲ!” ದರ್ಜಿಯ ಹೆಂಡತಿ ಕಿರುಚಿದಳು.

“ಬಾಯ್ಮುಚ್ಚೇ! ಊರೆಲ್ಲಾ ಹಬ್ಬಿರೋ ರೋಗ ನಿನ್ನ ಉಬ್ಬಸ ನೋಡಿ ಪಾಪ ಅನ್ನುತ್ತಾ? ಲಸಿಕೆ ಹಾಕಿಸ್ಕೊಳ್ಳೇ, ಮೊಂಡಿ!” ದರ್ಜಿ ಕತ್ತರಿಯನ್ನು ಮೇಜಿಗೆ ಕುಕ್ಕಿದ. ಎರಡೂ ತೋಳುಗಳ ಸುಟ್ಟ ಕಲೆಯನ್ನು ಅವಳು ಇಷ್ಟು ವರ್ಷ ಉದ್ದ ತೋಳಿನ ಅಂಗಿಯೊಳಗೇ ಬಚ್ಚಿಟ್ಟಿದ್ದಳು.

ಅವನು ಅವಳ ನೀಲಿ ಅಂಗಿಯನ್ನು ಮಡಿಲಿಗೆಸೆದ. ಎಡಭುಜದ ಕೆಳಗೆ, ಕಲೆ ಶುರುವಾಗುವುದಕ್ಕೆ ಮೊದಲೇ, ಎರಡು ಬೆರಳಗಲದ ಕಿಟಕಿಯಿತ್ತು. ಅದಕ್ಕೊಂದು ಬಟ್ಟೆಯ ಮುಚ್ಚಳ, ಒಂದು ಗುಂಡಿ.

“ಇದನ್ನ ಯಾವಾಗ ಹೊಲಿದ್ರಿ?”

“ಬೆಳಗ್ಗಿಂದ ಬೈತಾ ಇದ್ಯಲ್ಲ, ಆವಾಗ.”

ಅವಳು ಒಳಹೋಗಿ ಅಂಗಿ ತೊಟ್ಟು ಬಂದಳು. ಗುಂಡಿ ಬಿಚ್ಚಿದಳು, ಹಾಕಿದಳು, ಮತ್ತೆ ಬಿಚ್ಚಿದಳು. ಬಾಗಿಲು ದಾಟಿದಳು.

“ತಡಿಯೇ, ಚಪ್ಪಲಿ ಹಾಕ್ಕೊಳ್ತೀನಿ!”

ಅವಳು ತಿರುಗಿಯೂ ನೋಡದೆ ಲಸಿಕೆಯ ಸಾಲಿನತ್ತ ನಡೆದೇಬಿಟ್ಟಳು.