ಎರಡು ಪರದೆ, ಒಂದು ಮೌಸು

“ಆ ಮಹಾಶಯನಿಗೆ ಹೇಳು, ನನ್ನ ಮೌಸಿನ ತಲೆ ಕೆಡಿಸಿಟ್ಟಿದಾನೆ ಅಂತ,” ಎಂದರು ಅಪ್ಪ ಮಗಳಿಗೆ.

ಮಹಾಶಯ ಅಂದರೆ ಅವಳ ಅಣ್ಣ. ಅಪ್ಪನ ಕುರ್ಚಿಯಿಂದ ಎರಡು ಮಾರು ಆಚೆ ಕಾಗದ ಕತ್ತರಿಸುತ್ತ ನಿಂತಿದ್ದ. ಅವನ ಕಿವಿಗೇನೂ ಕೇಡು ಬಂದಿರಲಿಲ್ಲ. ಆದರೂ ಅವಳು ಒದ್ದೆ ಕೈ ಒರೆಸಿಕೊಂಡು ಅವನ ಕಡೆ ತಿರುಗಿ, “ಅಣ್ಣಾ, ಹೊಸ ಮೌಸು ಯಾಕೋ ಸರಿಯಿಲ್ವಂತೆ, ಅಪ್ಪ ಕೇಳ್ತಿದಾರೆ,” ಎಂದಳು.

“ನನಗೂ ಸರಿಯಿಲ್ಲ. ಪರದೆ ಮೇಲಿನ ಬಾಣ ಓಡಿಹೋಗಿ ಮೂಲೆ ಸೇರ್ಕೊಳ್ಳತ್ತೆ. ಅವರು ಆ ಓಬೀರಾಯನ ಕಾಲದ ಕಪ್ಪು ಪರದೆ ಬಿಟ್ಟರೆ ಎಲ್ಲಾ ಸರಿಹೋಗತ್ತೆ ಅಂತ ಹೇಳು.”

“ಅಪ್ಪಾ, ಅಣ್ಣನಿಗೂ ಅದೇ ತೊಂದರೆಯಂತೆ.”

ಮನೆಯ ಮುಂದಿನ ಕೋಣೆಯೇ ಅವರ ಅಚ್ಚಿನ ಅಂಗಡಿ. ಇದ್ದದ್ದು ಒಂದೇ ಕಂಪ್ಯೂಟರು. ಬೆಳಗ್ಗೆ ಅಪ್ಪ ಬರೀ ಅಕ್ಷರಗಳ ಕಪ್ಪು ಪರದೆಯಲ್ಲಿ ಗಿರಾಕಿಗಳ ಬರಹ ಟೈಪು ಮಾಡುವರು. ಮಧ್ಯಾಹ್ನ ಅಣ್ಣ ಮೂರು ಕೀಲಿ ಒಟ್ಟಿಗೆ ಒತ್ತಿ ಬಣ್ಣದ ಪರದೆಗೆ ದಾಟಿ, ಅದನ್ನೇ ಚಿತ್ರಗಳೊಂದಿಗೆ ಪುಟಗಳಾಗಿ ಜೋಡಿಸುವನು. ಇಬ್ಬರಿಗೂ ಮಾತು ಬಿಟ್ಟುಹೋಗಿ ಎಷ್ಟೋ ವರ್ಷವಾಗಿತ್ತು. ಯಾಕೆ ಅಂತ ಮಾತ್ರ ಕೇಳಬೇಡಿ, ಅದು ಅವರಿಗೇ ನೆನಪಿಲ್ಲ. ಅಮ್ಮ ಇದ್ದಾಗ ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಅವಳೇ ದಾಟಿಸುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಒಲೆ, ಬೀಗದ ಕೈ ಗೊಂಚಲಿನ ಜೊತೆಗೆ ಈ ಕೆಲಸವೂ ಮಗಳ ಕುತ್ತಿಗೆಗೆ ಬಿತ್ತು. ಮಾತಿನ ಮುಳ್ಳು ಕಿತ್ತು ಕಿತ್ತು ಆ ಕಡೆ ಈ ಕಡೆ ಸಾಗಿಸಿ ಅವಳಿಗೆ ಸಾಕುಸಾಕಾಗಿತ್ತು. ಬೆಳಗಿನಿಂದ ಸಂಜೆವರೆಗೂ ಬಾಯಿಗೆ ಬಿಡುವಿಲ್ಲ. ಆಡಿದ ಮಾತಿನಲ್ಲಿ ಒಂದೂ ತನ್ನದಲ್ಲ.

ಅವತ್ತು ಮಾತ್ರ ಅವಳ ಹತ್ತಿರ ತನ್ನದೇ ಒಂದು ಮಾತಿತ್ತು. ಹಿಂದಿನ ದಿನ ಫೋನು ಬಂದಿತ್ತು: ಬೇರೆ ಊರಿನ ಗ್ರಂಥಾಲಯವೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಹೇಳೋಣವೆಂದು ಬಾಯಿ ತೆರೆದಾಗಲೆಲ್ಲ ಇವರಿಬ್ಬರಲ್ಲಿ ಯಾರದೋ ಮಾತು ಬಂದು ಅಲ್ಲಿ ಕೂತುಬಿಡುತ್ತಿತ್ತು. ಸಂತೋಷ ಅನ್ನಲಿ, ಹೋಗಬೇಡ ಅಂತ ಗದರಿಸಲಿ, ಅತ್ತು ಕರೆಯಲಿ. ತನಗೇ ಅಂತ ಆಡಿದ ಒಂದು ಮಾತು ಕೇಳಬೇಕೆಂದು ಅವಳ ಜೀವ ಹಂಬಲಿಸುತ್ತಿತ್ತು. ಮೊದಲು ಈ ಮೌಸಿನ ರಗಳೆ ಮುಗಿಯಲಿ, ಆಮೇಲಾದರೂ ಕಿವಿಗೊಟ್ಟಾರು ಎಂದುಕೊಂಡು, “ಏಳಪ್ಪಾ, ನಾನು ನೋಡ್ತೀನಿ,” ಎಂದು ಕಂಪ್ಯೂಟರಿನ ಮುಂದೆ ಕೂತಳು.

ಕಂಪ್ಯೂಟರಿನದೇ ಸಹಾಯದ ಪುಟಗಳನ್ನು ಹುಡುಕಿ ಓದುತ್ತ ಹೋದಂತೆ ವಿಷಯ ತಿಳಿಯಿತು. ಕಪ್ಪು ಪರದೆಯ ಪರವಾಗಿ ಒಂದು ಪುಟ್ಟ ಪ್ರೋಗ್ರಾಂ ಮೌಸಿನ ಮಾತು ಕೇಳುತ್ತಿತ್ತು. ಬಣ್ಣದ ಪರದೆಯೂ ಅದೇ ಮೌಸಿಗೆ ನೇರವಾಗಿ ಕಿವಿಯಿಟ್ಟು ಕೂತಿತ್ತು. ಎರಡೂ ಕಿತ್ತಾಡಿ, ಅರ್ಧ ಮಾತು ಇದಕ್ಕೆ ಅರ್ಧ ಅದಕ್ಕೆ ಸಿಕ್ಕಿ, ಬಾಣದ ಗುರುತಿಗೆ ಹುಚ್ಚು ಹಿಡಿದಿತ್ತು. ಅದಕ್ಕೆ ಮದ್ದೂ ಅಲ್ಲೇ ಬರೆದಿತ್ತು: ಪುಟ್ಟ ಪ್ರೋಗ್ರಾಂ ಒಂದೇ ಕೇಳಬೇಕು, ಕೇಳಿದ್ದನ್ನು ಬಣ್ಣದ ಪರದೆಗೆ ಮತ್ತೆ ಹೇಳಬೇಕು.

ಅವಳಿಗೆ ನಗು ಬಂತು. “ಬಾರಮ್ಮಾ ಬಾ, ನೀನೂ ನಮ್ಮ ಪೈಕಿನೇ,” ಎಂದಳು ಆ ಪ್ರೋಗ್ರಾಮಿಗೆ, ಮೆಲ್ಲಗೆ.

ಹಾಗೆ ಮಾಡಿದ್ದೇ ಬಾಣ ಸಾಧುವಾಯಿತು. ಆದರೆ ಬಣ್ಣದ ಪರದೆಯಲ್ಲಿ ಮೌಸಿನ ಚಕ್ರ ಎಷ್ಟು ತಿರುಗಿಸಿದರೂ ಪುಟ ಜಪ್ಪಯ್ಯ ಅಂದರೂ ಕದಲಲಿಲ್ಲ. ಮತ್ತೆ ಓದಿದಳು. ನಡುವೆ ಕೂತ ಪ್ರೋಗ್ರಾಂ ಹೊಸ ಮೌಸಿನ ಮಾತನ್ನು ಚಕ್ರವಿಲ್ಲದ ಹಳೇ ಮೌಸಿನ ಭಾಷೆಗೆ ತಿದ್ದಿ ಕಳಿಸುತ್ತಿತ್ತು. ಚಕ್ರದ ಸುದ್ದಿ ದಾರಿಯಲ್ಲೇ ಬಿದ್ದುಹೋಗುತ್ತಿತ್ತು. ತಿದ್ದುವುದು ಬೇಡ, ಕೇಳಿದ್ದನ್ನು ಕೇಳಿದ ಹಾಗೇ ದಾಟಿಸು ಎಂದು ಅದರ ಆಜ್ಞೆಯಲ್ಲಿ ಒಂದು ಪದ ಬದಲಿಸಿದಳು. ಬಣ್ಣದ ಪುಟ ಸರಸರ ಮೇಲೇರಿತು. ಕಪ್ಪು ಪರದೆಗೆ ಹೋಗಿ ನೋಡಿದಳು, ಅಲ್ಲೂ ಸಾಲುಗಳು ಚಕ್ರದ ಜೊತೆ ಹತ್ತಿ ಇಳಿದವು.

ಅಪ್ಪ ಕೂತು ಚಕ್ರ ತಿರುಗಿಸಿ ನೋಡಿದರು. “ಭೇಷ್! ಇನ್ನು ಇದರ ತಂಟೆಗೆ ಬರಬೇಡ ಅಂತ ಅವನಿಗೆ ಹೇ—”

“ಅಪ್ಪಾ, ನನ್ನದೊಂದು ಮಾತಿದೆ.”

“ನಿಂದಾ?” ಅಪ್ಪ ನಿಜಕ್ಕೂ ಆಶ್ಚರ್ಯಪಟ್ಟರು.

“ನನಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿದೆ. ಮುಂದಿನ ವಾರ ಹೊರಡ್ತೀನಿ.”

ಚಕ್ರ ನಿಂತಿತು. ಆ ಕಡೆ ಕತ್ತರಿಯ ಸದ್ದೂ ನಿಂತಿತು. ಅಪ್ಪ ಕನ್ನಡಕ ತೆಗೆದು ಮಗಳ ಮುಖವನ್ನೇ ನೋಡಿದರು.

“ನೀನು ಹೋದ್ರೆ,” ಎಂದರು ಅಪ್ಪ, “ನನ್ನ ಮಾತು ಅವನಿಗೆ ಹೇಳೋರು ಯಾರೇ?”

ಅವಳು ಅಣ್ಣನ ಕಡೆ ತಿರುಗಿದಳು. “ಏನಂತೆ?” ಎಂದ ಅವನು, ಏನೂ ಕೇಳಿಸಿಯೇ ಇಲ್ಲವೆನ್ನುವ ಹಾಗೆ.

ಈ ಸಲ ಅವಳು ಒಂದು ಮುಳ್ಳನ್ನೂ ಕೀಳಲಿಲ್ಲ. “ನಾನು ಹೊರಟೆ ಅಂದೆ. ನಿನಗೆ ಅವರ ಮಾತು ಹೇಳೋರು ಯಾರು ಅಂದ್ರು.”

ಅಣ್ಣ ಕತ್ತರಿ ಕೆಳಗಿಟ್ಟ. “ಅದೇ ನಾನೂ ಯೋಚಿಸ್ತಿರೋದು. ಅವರಿಗೆ ನನ್ನ ಮಾತು ಯಾರು ಹೇಳ್ತಾರೆ?”

ಇಷ್ಟು ವರ್ಷದ ಮೇಲೆ ಅಪ್ಪನೂ ಮಗನೂ ಒಂದೇ ಮಾತು ಆಡಿದ್ದರು. ಅದರಲ್ಲಿ ತಿದ್ದುವುದು, ದಾಟಿಸುವುದು ಏನೂ ಇರಲಿಲ್ಲ. ಅವಳು ಇಬ್ಬರ ನಡುವೆ ನಿಂತು ತನಗೇ ಅಂತ ಆಡುವ ಒಂದು ಮಾತಿಗೆ ಕಾದಳು. ಅಪ್ಪ ಕನ್ನಡಕ ಹಾಕಿಕೊಂಡು ಪರದೆಯ ಕಡೆ ತಿರುಗಿದರು. ಅಣ್ಣ ಕಾಗದದ ಅಂಚು ಸರಿಮಾಡಿಕೊಂಡ.

ಯಾವ ಊರು ಅಂತ ಒಬ್ಬರೂ ಕೇಳಲಿಲ್ಲ.